ಅವ್ವನ ಮೊಳೆ ಕೋಣೆ

ಅಜ್ಜಂಪುರದ ನಮ್ಮ ಮನೆಗೆ ಯಾರೇ ಬಂದರೂ ಮೊದಲು ಪ್ರೆಸ್ಸನ್ನು ದಾಟಿಯೇ ಒಳಗೆ ಬರಬೇಕಿತ್ತು. ಬೀದಿಗೆ ಬಾಗಿಲು ತೆರೆದುಕೊಂಡಿದ್ದ ಮುಂದಿನ ಕೋಣೆಯಲ್ಲಿ ಕಾಲಿನಿಂದ ತುಳಿದು ಓಡಿಸುವ ಅಚ್ಚಿನ ಮಷಿನ್ನು. ಅದನ್ನು ನಾವು ಟ್ರೆಡಲ್ ಎನ್ನುತ್ತಿದ್ದೆವು. ಅದರ ಹಿಂದೆ, ನಡುಮನೆಗೆ ಹೋಗುವ ದಾರಿಯಲ್ಲಿ, ಮೊಳೆ ಕೋಣೆ. ಗೋಡೆಯುದ್ದಕ್ಕೂ ಓರೆಯಾಗಿ ನಿಲ್ಲಿಸಿದ ಮರದ ಕೇಸುಗಳು, ಕೇಸಿನ ತುಂಬ ಬೆಂಕಿಪೊಟ್ಟಣದಷ್ಟಗಲದ ಗೂಡುಗಳು, ಒಂದೊಂದು ಗೂಡಿನಲ್ಲೂ ಒಂದೊಂದು ಅಕ್ಷರದ ಸೀಸದ ಮೊಳೆಗಳು. ಅ ಒಂದು ಗೂಡು, ಆ ಒಂದು ಗೂಡು, ಕ ಒಂದು, ಕಿ ಒಂದು, ಒತ್ತಕ್ಷರಗಳಿಗೆಲ್ಲ ಬೇರೆ ಬೇರೆ. ಇಂಗ್ಲಿಷಿನವರಿಗೆ ಎರಡು ಕೇಸಿನಲ್ಲಿ ಮುಗಿಯುವ ಕೆಲಸ ನಮ್ಮ ಕನ್ನಡಕ್ಕೆ ಒಂದು ಗೋಡೆ ಪೂರ್ತಿ ಬೇಡುತ್ತಿತ್ತು. ನಮ್ಮ ಅಡುಗೆಮನೆ ಆ ಕೋಣೆಯ ಅರ್ಧದಷ್ಟೂ ಇರಲಿಲ್ಲ. ನಾನು ಹುಟ್ಟಿದ್ದು ಬೆಳೆದದ್ದು ಎಲ್ಲ ಸೀಮೆಎಣ್ಣೆ, ಶಾಯಿ ಮತ್ತು ಒಗ್ಗರಣೆಯ ವಾಸನೆ ಒಟ್ಟಿಗೆ ಬರುವ ಆ ಮನೆಯಲ್ಲಿ. ಬೇರೆಯವರ ಮನೆಗೆ ಹೋದರೆ ಏನೋ ಒಂದು ಕಡಿಮೆಯಾದಂತೆ ಮೂಗು ಹುಡುಕುತ್ತಿತ್ತು.

ಅಪ್ಪನನ್ನು ಊರಿನವರು ಪ್ರೆಸ್ ರೇವಣ್ಣ ಎಂದು ಕರೆಯುತ್ತಿದ್ದರು. ಲಗ್ನಪತ್ರಿಕೆ, ಮಠದ ಕರಪತ್ರ, ಅಂಗಡಿಗಳ ಬಿಲ್ಲು ಪುಸ್ತಕ, ಯಾರಾದರೂ ತೀರಿಕೊಂಡರೆ ಶಿವಗಣಾರಾಧನೆಯ ಕಾರ್ಡು, ಎಲ್ಲವನ್ನೂ ಅಚ್ಚು ಮಾಡುತ್ತಿದ್ದ. ಹೊಸ ಮೊಳೆ ಬೇಕಾದಾಗ ಬೆಂಗಳೂರಿಗೆ ಕಾಗದ ಬರೆಯುತ್ತಿದ್ದ. ನಮ್ಮೂರ ಸಣ್ಣ ಸ್ಟೇಷನ್ನಿನಲ್ಲಿ ಪಾರ್ಸೆಲ್ ಇಳಿಸುತ್ತಿರಲಿಲ್ಲವಾದ್ದರಿಂದ ಅವು ರೈಲಿನಲ್ಲಿ ಕಡೂರಿಗೆ ಬಂದಿಳಿಯುತ್ತಿದ್ದವು. ಅಲ್ಲಿಂದ ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ತರುತ್ತಿದ್ದ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದ. ಚೀಲವನ್ನು ಎತ್ತಲು ಹೋಗಿ ಆಗದೆ, ಕಂಡಕ್ಟರು ಅದರೊಳಗೇನು ಕಬ್ಬಿಣವೇ ಎಂದು ಕೇಳಿದ. ಅಪ್ಪ ಅಕ್ಷರ ಕಣಪ್ಪ ಎಂದ. ಇಷ್ಟು ಭಾರದ ಅಕ್ಷರವನ್ನು ತಾನೆಲ್ಲೂ ಕಂಡಿಲ್ಲವೆಂದು ಕಂಡಕ್ಟರು ಗೊಣಗುತ್ತಾ ಇನ್ನೊಬ್ಬರ ಕೈ ಸೇರಿಸಿ ಒಳಗೆ ಹಾಕಿದ. ನಾನು ಊರು ಬರುವವರೆಗೂ ಆ ಚೀಲದ ಮೇಲೆಯೇ ಕೂತು ಬಂದೆ.

ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು. ಅಜ್ಜಿಗೆ ಮಷಿನ್ನಿನ ಮೇಲೆ ಗೌರವ, ಶಾಯಿಯ ಮೇಲೆ ಕೋಪ. ಬೆಳಿಗ್ಗೆ ಎಲ್ಲರೂ ಮಿಂದು ವಿಭೂತಿ ಧರಿಸಿ ಲಿಂಗಪೂಜೆ ಮುಗಿಸುವವರೆಗೆ ಮುಂದಿನ ಕೋಣೆಯ ಬಾಗಿಲನ್ನು ಅವಳು ತೆರೆಯಲು ಬಿಡುತ್ತಿರಲಿಲ್ಲ. ಅಪ್ಪನಿಗೆ ಅದು ದೊಡ್ಡ ಸಂಕಟ. ಏಕೆಂದರೆ ಶಾಯಿ ಸವರುವ ರೋಲರುಗಳನ್ನು ಆಗ ಸರೇಸಿನ ಅಂಟು ಮತ್ತು ಕಬ್ಬಿನ ಕಾಕಂಬಿ ಕಾಸಿ ಎರಕ ಹುಯ್ದು ಮಾಡುತ್ತಿದ್ದರು. ಬಿಸಿಲೇರಿದರೆ ಅವು ಬೆಲ್ಲದಂತೆ ಅಂಟತೊಡಗುತ್ತಿದ್ದವು. ತಣ್ಣಗಿರುವಾಗಲೇ ಅಚ್ಚು ಮುಗಿಯಬೇಕು ಎಂದು ಅಪ್ಪ, ಪೂಜೆ ಮೊದಲು ಎಂದು ಅಜ್ಜಿ. ಬೇಸಿಗೆ ಪೂರ್ತಿ ಈ ಜಗಳ ನಡೆಯುತ್ತಿತ್ತು. ರೋಲರಿನಲ್ಲಿದ್ದ ಸಿಹಿಗೆ ಇರುವೆಗಳೂ ಬರುತ್ತಿದ್ದವು. ಅವುಗಳ ಕಾಟ ತಡೆಯಲು ಅಜ್ಜಿಯೇ ರೋಲರಿನ ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲಿಟ್ಟು, ದಿನಾ ನೀರು ಬದಲಿಸುತ್ತಿದ್ದಳು. ಬೈಯುವುದು ಬೈಯುವುದೇ, ಮಾಡುವುದು ಮಾಡುವುದೇ. ಊಟಕ್ಕೆ ಕೂರುವ ಮೊದಲು ಮಾತ್ರ ಎಲ್ಲರೂ ಅವಳ ಮುಂದೆ ಕೈ ಚಾಚಿ ತೋರಿಸಬೇಕು. ಬೂದಿ ಹಾಕಿ ತಿಕ್ಕಿ, ಸೀಗೇಪುಡಿ ಹಾಕಿ ತೊಳೆದ ಕೈಯಲ್ಲೂ ಉಗುರಿನ ಸಂದಿಯಲ್ಲಿ ಕಪ್ಪು ಕಂಡರೆ, ಮುದ್ದೆ ತಟ್ಟೆಯಲ್ಲಿ ಆರುತ್ತಿದ್ದರೂ ಸರಿಯೆ, ಮತ್ತೆ ಬಚ್ಚಲಿಗೆ ಕಳಿಸುತ್ತಿದ್ದಳು. ಸೀಸ ಹೊಟ್ಟೆಗೆ ಹೋದರೆ ಒಳ್ಳೆಯದಲ್ಲವೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಅವ್ವ ದೇವನೂರಿನ ಕಡೆಯವಳು. ಹೆಸರು ಗೌರಮ್ಮ. ಅವಳ ತಾಯಿ ಬೇಗ ತೀರಿಕೊಂಡು, ಅಕ್ಕ ಅದಕ್ಕೂ ಮೊದಲೇ ಗಂಡನ ಮನೆಗೆ ಹೋಗಿದ್ದರಿಂದ ತಮ್ಮಂದಿರನ್ನು ಸಾಕುವ ಕೆಲಸ ಇವಳ ಮೇಲೆ ಬಿದ್ದು, ಸ್ಕೂಲಿನ ಮೆಟ್ಟಿಲು ಹತ್ತಿರಲಿಲ್ಲ. ಪ್ರೆಸ್ಸಿನ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ. ಆಗ ಮೊಳೆ ಜೋಡಿಸುತ್ತಿದ್ದವರು ಖಾದರ್ ಸಾಬರು. ತರೀಕೆರೆಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದ, ಹಿಟ್ಟಿನಂತೆ ಬಿಳಿಗಡ್ಡದ ಮುದುಕರು. ನನಗೆ ಆರು ವರ್ಷವಿದ್ದಾಗ ಅವರ ಕಣ್ಣಿಗೆ ಪೊರೆ ಬಂತು. ಕೇಸಿನ ಗೂಡುಗಳು ಎಲ್ಲಿವೆಯೆಂದು ಕೈಗೆ ಗೊತ್ತು. ಆದರೆ ಬರೆದುಕೊಟ್ಟ ಕಾಗದ ಕಾಣುತ್ತಿರಲಿಲ್ಲ. ಅಪ್ಪನಿಗೆ ಮಷಿನ್ನು ತುಳಿಯುವುದು, ಕಾಗದ ಕತ್ತರಿಸುವುದು, ಹಳ್ಳಿಹಳ್ಳಿಗೆ ಸೈಕಲ್ಲಿನಲ್ಲಿ ಹೋಗಿ ಕೆಲಸ ಹಿಡಿದು ತರುವುದು ಇಷ್ಟರಲ್ಲೇ ಹೊತ್ತು ಹೋಗುತ್ತಿತ್ತು. ಬೇರೆ ಯಾರಾದರೂ ಸಿಗುವವರೆಗೆ ಮೊಳೆಗಳನ್ನು ವಾಪಸು ಗೂಡಿಗೆ ಹಾಕುವ ಕೆಲಸವನ್ನಾದರೂ ಮಾಡು ಎಂದು ಅವ್ವನಿಗೆ ಹೇಳಿದ. ಅಚ್ಚು ಮುಗಿದ ಮೇಲೆ ಜೋಡಿಸಿದ ಮೊಳೆಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಅ ಅನ್ನು ಅ ಗೂಡಿಗೆ, ಕ ಅನ್ನು ಕ ಗೂಡಿಗೆ ಹಾಕಬೇಕು. ಅದಕ್ಕೆ ಹಂಚುವುದು ಎನ್ನುತ್ತಿದ್ದರು. ಅಕ್ಷರ ಗೊತ್ತಿಲ್ಲದಿದ್ದರೂ ಆಕಾರ ನೋಡಿ ಹಂಚಬಹುದು, ಕಾಳು ಆರಿಸಿದ ಹಾಗೆ.

ಖಾದರ್ ಸಾಬರು ಸ್ಟೂಲಿನ ಮೇಲೆ ಕೂತು ಅವ್ವನಿಗೆ ಹೇಳಿಕೊಟ್ಟರು. ಮೊಳೆಯ ಒಂದು ಪಕ್ಕದಲ್ಲಿ ಸಣ್ಣ ಗೀರು ಇರುತ್ತದೆ. ಅದು ಹೆಬ್ಬೆರಳಿಗೆ ತಾಗುವಂತೆ ಹಿಡಿದರೆ ಮೊಳೆ ಸರಿಯಾಗಿ ನಿಂತಿದೆಯೆಂದು ಅರ್ಥ, ನೋಡುವುದೇ ಬೇಡ. ಅಚ್ಚಾದಾಗ ನೆಟ್ಟಗೆ ಬರಬೇಕಾದ್ದರಿಂದ ಸೀಸದ ಮೇಲಿನ ಅಕ್ಷರ ಉಲ್ಟಾ ಇರುತ್ತದೆ. ಜೋಡಿಸುವಾಗ ಅದನ್ನು ತಲೆಕೆಳಗಾಗಿ ನಿಲ್ಲಿಸಿ ಎಡದಿಂದ ಬಲಕ್ಕೆ ಹೋಗಬೇಕು. ಅವರು ಒಂದು ಮೊಳೆಯನ್ನು ಬೆರಳಿನಲ್ಲಿ ಸವರಿ ಇದು ಮ, ಇದು ವ ಎಂದು ಹೆಸರು ಹೇಳಿ ಅವಳ ಕೈಗಿಡುತ್ತಿದ್ದರು. ಅವಳು ಅದನ್ನು ಬಾಯಲ್ಲಿ ಒಂದು ಸಲ ಅಂದು ಗೂಡಿಗೆ ಹಾಕುತ್ತಿದ್ದಳು. ಮೂರು ತಿಂಗಳು ಹೀಗೆ ನಡೆಯಿತು. ಕೊನೆಗೆ ಸಾಬರ ಮಗ ಬಂದು ಅವರನ್ನು ಕರೆದುಕೊಂಡು ಹೋದ ದಿನ, ಅವ್ವ ಕಾಗದ ಮುಂದಿಟ್ಟುಕೊಂಡು, ಆಕಾರಕ್ಕೆ ಆಕಾರ ಹೊಂದಿಸಿ, ಇಡೀ ಲಗ್ನಪತ್ರಿಕೆಯೊಂದನ್ನು ಒಬ್ಬಳೇ ಜೋಡಿಸಿದ್ದಳು. ಸಾಬರು ಅದರ ಮೇಲೆ ಒಂದು ಸಲ ಬೆರಳಾಡಿಸಿ, ಎರಡು ಕಡೆ ತಪ್ಪು ಹಿಡಿದು, ಇನ್ನು ನಾನು ಬರದಿದ್ದರೂ ನಡೆಯುತ್ತದೆ ಎಂದರಂತೆ. ಅಪ್ಪ ಬೇರೆ ಯಾರನ್ನೂ ಹುಡುಕಲಿಲ್ಲ.

ನಾನು ಮೊಳೆ ಕಲಿತದ್ದು ಅವ್ವನಿಂದ. ಎತ್ತರ ಸಾಲದೆ ಸೀಮೆಎಣ್ಣೆ ಡಬ್ಬದ ಹಳೆಯ ಮರದ ಪೆಟ್ಟಿಗೆಯ ಮೇಲೆ ನಿಲ್ಲುತ್ತಿದ್ದೆ. ಸ್ಕೂಲಿನಿಂದ ಬಂದು, ಅಕ್ಕಿರೊಟ್ಟಿ ಹುಚ್ಚೆಳ್ಳು ಚಟ್ನಿ ತಿಂದು, ಕೈ ಒರೆಸಿಕೊಂಡು ಹೋಗಿ ಅವಳ ಪಕ್ಕ ನಿಲ್ಲುವುದು. ಮೊದಲ ಒಂದು ವರ್ಷ ಬರೀ ಹಂಚುವುದು. ತಪ್ಪು ಗೂಡಿಗೆ ಹಾಕಿದರೆ ಅವಳು ಬೈಯುತ್ತಿರಲಿಲ್ಲ. ಮುಂದೆ ಯಾರದೋ ಮದುವೆಯ ಕಾಗದದಲ್ಲಿ ವರನ ಹೆಸರು ಕೆಟ್ಟಾಗ, ಆ ಮೊಳೆಯನ್ನು ಚಿಮಟದಲ್ಲಿ ಕಿತ್ತು ನನ್ನ ಅಂಗೈಗಿಟ್ಟು, ಇದು ನಿನ್ನದು ಎಂದು ಅಷ್ಟೇ ಹೇಳುತ್ತಿದ್ದಳು. ಬ ಮತ್ತು ಭ, ೬ ಮತ್ತು ೯ ನನಗೆ ತಿಂಗಳುಗಟ್ಟಲೆ ಕಾಟ ಕೊಟ್ಟವು. ಆಮೇಲೆ ಜೋಡಿಸುವ ಕೋಲನ್ನು ಎಡಗೈಗೆ ಕೊಟ್ಟಳು. ಸ್ಟಿಕ್ಕು ಎನ್ನುವ ಆ ಪುಟ್ಟ ಕಬ್ಬಿಣದ ತಟ್ಟೆಯಲ್ಲಿ ಮೊಳೆಗಳು ಒಂದರ ಪಕ್ಕ ಒಂದು ನಿಂತು ಸಾಲಾಗುತ್ತಿದ್ದವು. ಲಗ್ನಗಳ ಕಾಲದಲ್ಲಿ ಶ್ರೀಗೆ ಬರ ಬರುತ್ತಿತ್ತು. ಎಲ್ಲರ ಹೆಸರಿಗೂ ಶ್ರೀ ಬೇಕು, ನಮ್ಮಲ್ಲಿದ್ದದ್ದು ಇಪ್ಪತ್ತೋ ಮೂವತ್ತೋ. ಅನುಸ್ವಾರ ಮುಗಿದರೆ ಅಂಕಿಯ ಸೊನ್ನೆ ತೆಗೆದು ಹಾಕುತ್ತಿದ್ದೆವು, ಯಾರಿಗೂ ತಿಳಿಯುತ್ತಿರಲಿಲ್ಲ. ಶ್ರೀ ಮುಗಿದರೆ ಏನೂ ಮಾಡುವ ಹಾಗಿಲ್ಲ. ಮೊದಲ ಪತ್ರಿಕೆ ಅಚ್ಚಾಗಿ, ಅದರ ಶ್ರೀಗಳು ಬಿಡುಗಡೆಯಾಗಿ ಬರುವವರೆಗೆ ಎರಡನೆಯವರ ಮದುವೆ ಕಾಯಬೇಕು.

ಅವ್ವನಿಗೆ ಓದಲು ಬರುತ್ತದೆಂದು ಮೊದಲು ಕಂಡುಹಿಡಿದವಳು ನಾನು. ಊರಿನವರು ಆಡುವ ನಾಟಕವೊಂದರ ಕರಪತ್ರ ಬಂದಿತ್ತು. ಪಾತ್ರವರ್ಗ ಜೋಡಿಸುತ್ತಿದ್ದ ಅವ್ವ ಇದ್ದಕ್ಕಿದ್ದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಾನು ಬಗ್ಗಿ ನೋಡಿದೆ. ಸ್ಟಿಕ್ಕಿನಲ್ಲಿ, ಮಹಾರಾಣಿ: ಕಬ್ಬಿಣದಂಗಡಿ ಬಸಣ್ಣ ಎಂದು ನಿಂತಿತ್ತು. ಬಸಣ್ಣನ ಹೊಟ್ಟೆ, ಮೀಸೆ ಎರಡೂ ನಮ್ಮ ಬೀದಿಗೆಲ್ಲ ಗೊತ್ತು. ನಾನೂ ನಕ್ಕೆ. ನಕ್ಕ ಮೇಲೆ ನನಗೆ ಹೊಳೆಯಿತು. ಇನ್ನೂ ಅಚ್ಚಾಗದ, ಯಾರೂ ಓದಿ ಹೇಳದ ಸಾಲಿಗೆ ಅವಳು ನಗಬೇಕಾದರೆ ಹೇಗೆ?

"ಅವ್ವ, ನಿಂಗೆ ಓದಕ್ಕೆ ಬತ್ತೈತಾ?"

"ಸೀಸದಾಗೆ ಬತ್ತೈತೆ ಕಣೇ. ಕಾಗದದಾಗೆ ಬರಲ್ಲ. ಯಾರಿಗೂ ಹೇಳ್ಬೇಡ."

ಅದು ನಿಜವಾಗಿತ್ತು. ಅವಳು ಕಲಿತದ್ದೆಲ್ಲ ತಲೆಕೆಳಗಾದ ಅಕ್ಷರ. ಜೋಡಿಸುವಾಗ ಕಾಗದದ ಆಕಾರಗಳನ್ನು ಒಂದೊಂದಾಗಿ ಹೊಂದಿಸುತ್ತಿದ್ದಳೇ ಹೊರತು ಓದುತ್ತಿರಲಿಲ್ಲ. ಅಪ್ಪ ಓದಿ ಬಿಟ್ಟ ಪೇಪರು ನೆಟ್ಟಗೆ ಹಿಡಿದರೆ ಅವಳಿಗೆ ಅಪರಿಚಿತರ ಗುಂಪು ಕಂಡಂತಾಗುತ್ತಿತ್ತು. ಅದಕ್ಕೊಂದು ಉಪಾಯವನ್ನೂ ಅವಳೇ ಕಂಡುಕೊಂಡಿದ್ದಳು. ತಲೆ ಬಾಚುವ ಕನ್ನಡಿಯನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಅದರಾಚೆ ಪೇಪರನ್ನು ನಿಲ್ಲಿಸಿ, ಬಗ್ಗಿ ಕನ್ನಡಿಯೊಳಗೆ ನೋಡುವುದು. ಅಲ್ಲಿ ಅಕ್ಷರ ಮೊಳೆಯಲ್ಲಿ ಕಂಡ ಹಾಗೆಯೇ ಕಾಣುತ್ತಿತ್ತು. ಮಧ್ಯಾಹ್ನ ಅಜ್ಜಿ ಮಲಗಿದ ಮೇಲೆ ನಾವಿಬ್ಬರೂ ಹಾಗೆ ಕೂತು ಓದುತ್ತಿದ್ದೆವು. ಒಂದು ಸಾಲು ಕನ್ನಡಿಯಲ್ಲಿ, ಅದೇ ಸಾಲು ಪೇಪರಿನಲ್ಲಿ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕನ್ನಡಿ ಬೇಡವಾಯಿತು. ಯಾಕೆ ಮುಚ್ಚಿಡಬೇಕೆಂದು ನಾನು ಕೇಳಿದ್ದಕ್ಕೆ ಅವಳು ಸರಿಯಾಗಿ ಉತ್ತರ ಕೊಡಲಿಲ್ಲ. ಓದು ಬರುತ್ತದೆಂದರೆ ಓದಿ ತೋರಿಸು ಎನ್ನುತ್ತಾರೆ, ತಡವರಿಸಿದರೆ ನಗುತ್ತಾರೆ, ಪೂರ್ತಿ ಬಂದ ಮೇಲೆ ಹೇಳೋಣ ಎಂದಳು. ಪೂರ್ತಿ ಬರುವುದೆಂದರೆ ಎಷ್ಟು ಎಂದು ಅವಳಿಗೂ ಗೊತ್ತಿರಲಿಲ್ಲವೆಂದು ಈಗ ಅನ್ನಿಸುತ್ತದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಹೆಡ್‌ಮೇಷ್ಟ್ರು ಹಾಲಪ್ಪನವರು ನಮ್ಮ ಮನೆಗೆ ಬಂದರು. ಸುತ್ತಲಿನ ಏಳೆಂಟು ಮಿಡ್ಲಿಸ್ಕೂಲುಗಳು ಸೇರಿ ಅರ್ಧವಾರ್ಷಿಕ ಪರೀಕ್ಷೆಗೆ ಒಂದೇ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಬೇಕೆಂದು ಮಾಡಿಕೊಂಡಿದ್ದವು. ಅಪ್ಪ ಹಿಗ್ಗಿದ. ಮೇಷ್ಟ್ರು ಟ್ರೆಡಲಿನ ಪಕ್ಕ ನಿಂತು, ಕೊಡೆಯನ್ನು ಊರಿಕೊಂಡು ಹೇಳಿದ ಮಾತನ್ನು ಮೊಳೆ ಕೋಣೆಯಲ್ಲಿದ್ದ ಅವ್ವನೂ ಕೇಳಿದಳು, ನಾನೂ ಕೇಳಿದೆ.

"ತರೀಕೆರೇಲಿ ದೊಡ್ಡ ಪ್ರೆಸ್ಸು ಐತೆ ರೇವಣ್ಣ. ಆದ್ರೆ ಅಲ್ಲಿ ಕೆಲ್ಸದೋರೆಲ್ಲ ಓದ್ದೋರು. ನಿಮ್ಮನೇಲಿ ಜೋಡ್ಸೋರು ಗೌರಮ್ಮನೋರು, ಅವ್ರಿಗೆ ಓದಕ್ಕೆ ಬರಲ್ಲ. ಅದೇ ನಂಗೆ ಧೈರ್ಯ."

ಅಪ್ಪ ಹೌದೌದು ಎಂದ. ಅವ್ವ ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಮೊಳೆಯನ್ನು ಗೂಡಿಗೆ ಹಾಕಿದಳು. ಆಗ ಹೇಳಿಬಿಟ್ಟಿದ್ದರೆ ಕೆಲಸ ತಪ್ಪುತ್ತಿತ್ತು. ಅಪ್ಪನ ಹಿಗ್ಗನ್ನು ಒಡೆಯಲು ಅವಳಿಗೆ ಬಾಯಿ ಬರಲಿಲ್ಲ. ಆ ವಾರ ನನಗೆ ಮೊಳೆ ಕೋಣೆಗೆ ಪ್ರವೇಶವಿಲ್ಲ ಎಂದು ಅವಳೇ ಕಟ್ಟುಮಾಡಿದಳು. ಮೇಷ್ಟ್ರ ಅಕ್ಷರ ದುಂಡಗೆ ಮುತ್ತಿನಂತಿತ್ತು. ಬಾಗಿಲು ಹಾಕಿಕೊಂಡು ಜೋಡಿಸಿದಳು, ಅಪ್ಪ ಅಚ್ಚು ಹಾಕಿದ, ಪತ್ರಿಕೆಗಳನ್ನು ಕಟ್ಟು ಕಟ್ಟಿ ಅರಗು ಹಾಕಿ ಬೀರುವಿನಲ್ಲಿಟ್ಟರು. ಜೋಡಿಸಿದ ಮೊಳೆಗಳು ಇನ್ನೂ ಹಂಚದೆ ತಗಡಿನ ತಟ್ಟೆಯಲ್ಲಿ ನಿಂತಿದ್ದವು, ಮೇಲೆ ಗೋಣಿತಾಟು ಹೊದಿಸಿತ್ತು.

ಶುಕ್ರವಾರ ಸಂಜೆ ಅಜ್ಜಿ ದೀಪಕ್ಕೆ ಸೀಮೆಎಣ್ಣೆ ತಾ ಎಂದಳು. ಬಾಟಲಿ ಇದ್ದದ್ದು ಮೊಳೆ ಕೋಣೆಯಲ್ಲಿ. ಅವ್ವ ಹಿತ್ತಲಲ್ಲಿದ್ದಳು. ನಾನು ಒಳಗೆ ಹೋಗಿ ಬಾಟಲಿ ಎತ್ತುವಾಗ ಗೋಣಿತಾಟಿನ ತುದಿ ಬೆರಳಿಗೆ ಸಿಕ್ಕಿ ಜಾರಿತು. ಮೊದಲನೆಯ ಸಾಲು ತಾನಾಗಿ ಕಣ್ಣಿಗೆ ಬಿತ್ತು. ಮೂರು ವರ್ಷ ಉಲ್ಟಾ ಅಕ್ಷರ ಓದಿದ ಕಣ್ಣಿಗೆ ಅದನ್ನು ಓದದೆ ಇರುವುದು ಸಾಧ್ಯವಿರಲಿಲ್ಲ. ಆದರೆ ಎರಡನೆಯ ಸಾಲನ್ನು ನಾನೇ ಓದಿದೆ. ಮೂರನೆಯದನ್ನೂ ಓದಿದೆ. ಅದು ಕನ್ನಡ ಪತ್ರಿಕೆ. ಕೊನೆಯಲ್ಲಿ, ಬುಕ್ಕಾಂಬುಧಿ ಕೆರೆಯನ್ನು ನೋಡಿಬಂದ ಅನುಭವ ಕುರಿತು ಪ್ರಬಂಧ ಬರೆಯಿರಿ ಎಂದಿತ್ತು. ತಾಟನ್ನು ಮೊದಲಿನಂತೆ ಹೊದಿಸಿ, ಬಾಟಲಿ ಹಿಡಿದು ಬಂದೆ. ದೀಪಕ್ಕೆ ಹುಯ್ಯುವಾಗ ಸೀಮೆಎಣ್ಣೆ ಚೆಲ್ಲಿದ್ದಕ್ಕೆ ಅಜ್ಜಿ ಬೈದಳು.

ನನಗೋಸ್ಕರ ಓದಿದೆನೆಂದು ಹೇಳಿದರೆ ಅದು ಪೂರ್ತಿ ನಿಜವಲ್ಲ. ನನಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಲಲಿತಳಿಗೆ ಬರುತ್ತಿರಲಿಲ್ಲ. ಈ ಪರೀಕ್ಷೆಯಲ್ಲಿ ಯಾವುದಾದರೂ ಒಂದರಲ್ಲಿ ಫೇಲಾದರೂ ಸ್ಕೂಲು ಬಿಡಿಸುತ್ತೇನೆಂದು ಅವಳ ಅಪ್ಪ ಹೇಳಿದ್ದ, ಅವನು ಹೇಳಿದ್ದನ್ನು ಮಾಡುವ ಮನುಷ್ಯ. ಅವಳ ಅಕ್ಕನನ್ನು ಹಾಗೆಯೇ ಬಿಡಿಸಿದ್ದ. ಶನಿವಾರ ಸ್ಕೂಲು ಬಿಟ್ಟು ಬರುವಾಗ ನಾನು ಅವಳಿಗೆ ಹೇಳಿದೆ. ಎಲ್ಲಿಂದ ತಿಳಿಯಿತು ಎಂದು ಅವಳು ಕೇಳಲಿಲ್ಲ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು ಅಷ್ಟೆ. ಬುಕ್ಕಾಂಬುಧಿಗೆ ಸ್ಕೂಲಿನಿಂದ ಕರೆದುಕೊಂಡು ಹೋದಾಗ ಅವಳಿಗೆ ಜ್ವರ ಬಂದಿತ್ತು, ಕೆರೆಯನ್ನು ಅವಳು ನೋಡಿಯೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಜೊತೆಗಿದ್ದೆ. ಅವ್ವನ ಅಕ್ಕನನ್ನು ಬುಕ್ಕಾಂಬುಧಿಗೆ ಕೊಟ್ಟಿದ್ದರು. ಆ ಊರಿನ ವಿಷಯ ಅವ್ವನಿಗೆ ಚೆನ್ನಾಗಿ ಗೊತ್ತಿರುತ್ತದೆಂದು ಲಲಿತ ಲೆಕ್ಕ ಹಾಕಿದ್ದಳು. ನೋಟ್ ಬುಕ್ಕು ಪೆನ್ಸಿಲ್ಲು ಹಿಡಿದುಕೊಂಡೇ ಬಂದುಬಿಟ್ಟಳು.

"ಗೌರತ್ತೆ, ಬುಕ್ಕಾಂಬುಧಿ ಕೆರೆಗೆ ಎಷ್ಟು ತೂಬು? ಏರಿ ಎಷ್ಟುದ್ದ ಐತೆ?"

ಅವ್ವನ ಕೈ ನಿಂತಿತು. ಲಲಿತಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಅವರೆಕಾಯಿಯನ್ನು ನೋಡುತ್ತಿದ್ದೆ. ತನಗೆ ಗೊತ್ತಿಲ್ಲ, ಅಕ್ಕ ಬಂದಾಗ ಕೇಳಿ ಹೇಳುತ್ತೇನೆ ಎಂದು ಲಲಿತಳನ್ನು ಕಳಿಸಿ, ಮೊರವನ್ನು ಪಕ್ಕಕ್ಕೆ ಸರಿಸಿ, ನನ್ನನ್ನು ಮೊಳೆ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಹೊಡೆಯುತ್ತಾಳೆಂದುಕೊಂಡೆ. ಹೊಡೆಯಲಿಲ್ಲ.

"ಎಷ್ಟು ಓದ್ದೆ?"

"ಪೂರ್ತಿ."

ಅವಳು ಸಾಬರ ಸ್ಟೂಲಿನ ಮೇಲೆ ಕೂತಳು. ಅಳುತ್ತಿದ್ದ ನನ್ನನ್ನು ಸುಮ್ಮನಾಗು ಎಂದೂ ಹೇಳಲಿಲ್ಲ. ಆಮೇಲೆ ಎದ್ದು ಹೋಗಿ ಅಪ್ಪನನ್ನು ಕರೆದಳು.

ಅಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಲಲಿತ ತೂಬು ಕೇಳಿದರೆ ನಿನಗೇನು ಗೊತ್ತಾಯಿತು ಎಂದು ಅವ್ವನನ್ನು ಕೇಳಿದ. ತಾನು ಜೋಡಿಸಿದ ಸಾಲು ತನಗೆ ತಿಳಿಯುವುದಿಲ್ಲವೇ ಎಂದು ಅವಳು ಹೇಳಿದಾಗ, ಅವನು ಅವಳನ್ನೇ ನೋಡುತ್ತಾ ನಿಂತ. ಎಷ್ಟು ದಿನದಿಂದ ಎಂದ. ಎರಡು ವರ್ಷ ಎಂದಳು. ಅಪ್ಪನ ಮುಖದಲ್ಲಿ ಸಿಟ್ಟು ಬಂತೋ ನಗು ಬಂತೋ ನನಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಾಗಿರಲಿಕ್ಕಿಲ್ಲ. ಪಕ್ಕದಲ್ಲೇ ಮಲಗುವವನಿಗೆ ಹೇಳಬೇಕೆನ್ನಿಸಲಿಲ್ಲವೇ ಎಂದು ಅಷ್ಟೇ ಕೇಳಿದ, ಅದೂ ಮೆಲ್ಲಗೆ. ಆಮೇಲೆ, ಆದದ್ದಾಯಿತು, ಹುಡುಗಿಯರಿಬ್ಬರಿಗೆ ಒಂದು ಪ್ರಶ್ನೆ ಗೊತ್ತಾದರೆ ಊರೇನು ಮುಳುಗುವುದಿಲ್ಲ, ಪತ್ರಿಕೆಗೆ ಅರಗು ಹಾಕಿಯಾಗಿದೆ, ಬಿಟ್ಟುಬಿಡು ಎಂದ. ಅವ್ವ ಬಿಡಲಿಲ್ಲ. ಮೇಷ್ಟ್ರು ತನ್ನ ಹೆಸರು ಹೇಳಿ ಕೆಲಸ ಕೊಟ್ಟು ಹೋಗಿದ್ದಾರೆ, ಅವರು ನಂಬಿದ್ದು ಸುಳ್ಳು, ಆ ಸುಳ್ಳು ತನ್ನದು, ಇವಳದು ಆಮೇಲೆ ಎಂದಳು. ಹೋದರೆ ಕೆಲಸ ಹೋಗುತ್ತದೆಂದು ಅಪ್ಪ. ಹೋದರೆ ಹೋಗಲಿ ಎಂದು ಅವ್ವ. ಅವರಿಬ್ಬರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗಲಾಟೆಗೆ ಎದ್ದುಬಂದ ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಪರೀಕ್ಷೆಯ ಮಾತು ಅವಳ ತಲೆಗೆ ಹೋಗಲಿಲ್ಲ. ಹೋದದ್ದು ಒಂದೇ.

"ಇವ್ನು ಕೆಲ್ಸಕ್ಕೆ, ಇವ್ಳು ಸ್ಕೂಲಿಗೆ ಹೋದ್ಮೇಲೆ ಪಂಚಾಂಗ ಓದ್ಸಕ್ಕೆ ನಾನು ಬೀದೀಲಿ ಹೋಗೋ ಬರೋರ್ನೆಲ್ಲ ಕರೀತಿದ್ನಲ್ಲೇ ಗೌರಿ. ಮನೇಲೇ ಓದೋಳು ಇಟ್ಕಂಡು. ಬಾಯಿಗೇನು ಅರಗು ಹಾಕಿದ್ರಾ ನಿಂಗೆ?"

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಜಗಳ ಅಲ್ಲಿಗೆ ನಿಂತಿತು. ಹೋಗಿ ಹೇಳಿ ಬಾ ಎಂದ. ತಾನೂ ಬರಲೇ ಎಂದು ಕೇಳಿದ. ಬೇಡ, ಇವಳು ಬರಲಿ ಸಾಕು ಎಂದಳು ಅವ್ವ.

ಮೇಷ್ಟ್ರ ಮನೆ ರೈಲ್ವೆ ಸ್ಟೇಷನ್ನಿನ ದಾರಿಯಲ್ಲಿತ್ತು. ಅವ್ವ ಸೀರೆ ಬದಲಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ನನ್ನ ಕೈ ಹಿಡಿದು ನಡೆದಳು. ಮೇಷ್ಟ್ರು ಅಂಗಳದಲ್ಲಿ ಸೇವಂತಿಗೆ ಗಿಡಕ್ಕೆ ನೀರು ಹಾಕುತ್ತಿದ್ದರು. ಅವ್ವನನ್ನು ನೋಡಿ ಗಾಬರಿಯಾಗಿ, ರೇವಣ್ಣ ಚೆನ್ನಾಗಿದ್ದಾನೆಯೇ ಎಂದರು. ಒಳಗೆ ಬನ್ನಿ ಎಂದರೂ ಅವಳು ಹೋಗಲಿಲ್ಲ.

"ಮೇಷ್ಟ್ರೇ, ನಂಗೆ ಓದಕ್ಕೆ ಬತ್ತೈತೆ. ನೀವು ಬಂದ ದಿನಾನೂ ಬತ್ತಿತ್ತು. ನಾನು ಹೇಳ್ಲಿಲ್ಲ."

ಅವರು ಚೊಂಬನ್ನು ಹಿಡಿದೇ ನಿಂತಿದ್ದರು. ಆಮೇಲೆ ಅವಳು ನನ್ನ ವಿಷಯ ಹೇಳಿದಳು. ಲಲಿತಳ ಹೆಸರು ಹೇಳಲಿಲ್ಲ, ಇವಳ ಗೆಳತಿಯೊಬ್ಬಳು ಎಂದಳು. ಮೇಷ್ಟ್ರೂ ಕೇಳಲಿಲ್ಲ. ನನ್ನನ್ನು ಹತ್ತಿರ ಕರೆದು ನಿಜವೇ ಎಂದರು. ನಿಜ ಎಂದೆ. ಸೀಸದಲ್ಲಿ ಉಲ್ಟಾ ಇದ್ದದ್ದನ್ನು ಓದಿದೆಯಾ ಎಂದರು. ಹೂಂ ಎಂದೆ. ಅವರು ಜಗಲಿಯ ಮೇಲೆ ಕೂತು, ಕನ್ನಡಕ ತೆಗೆದು, ಪಂಚೆಯಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಒಳಗಿನಿಂದ ಕಾಗದ ತರಿಸಿ, ಅಲ್ಲೇ ತೊಡೆಯ ಮೇಲೆ ಹಲಗೆಯಿಟ್ಟುಕೊಂಡು, ಕನ್ನಡ ಪತ್ರಿಕೆಯನ್ನು ಹೊಸದಾಗಿ ಬರೆಯತೊಡಗಿದರು. ನಾವಿಬ್ಬರೂ ನಿಂತೇ ಇದ್ದೆವು. ಬರೆದಾದ ಮೇಲೆ ನನ್ನನ್ನು ಗೇಟಿನ ಆಚೆ ಹೋಗಿ ನಿಲ್ಲಲು ಹೇಳಿ, ಕಾಗದವನ್ನು ಅವ್ವನಿಗೆ ಕೊಟ್ಟರು. ಓದಿ ಎಂದರು.

ಗೇಟಿನಾಚೆ ಮಾತು ಕೇಳಿಸುತ್ತಿರಲಿಲ್ಲ, ಕಾಣಿಸುತ್ತಿತ್ತು. ಅವ್ವ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳ ತುಟಿ ನಿಧಾನವಾಗಿ ಅಲುಗುತ್ತಿತ್ತು, ನಡುವೆ ನಿಲ್ಲುತ್ತಿತ್ತು, ಮತ್ತೆ ಅಲುಗುತ್ತಿತ್ತು. ನನ್ನನ್ನು ಬಿಟ್ಟು ಬೇರೆಯವರ ಎದುರಿಗೆ ಅವಳು ಓದಿದ್ದು ಅದೇ ಮೊದಲು. ಮೇಷ್ಟ್ರು ತಲೆ ತಗ್ಗಿಸಿ ಕೇಳುತ್ತಿದ್ದರು. ಕೊನೆಯಲ್ಲಿ ಅವಳು ಕಾಗದದ ಮೇಲೆ ಬೆರಳಿಟ್ಟು ಏನೋ ತೋರಿಸಿದಳು. ಅವರು ಬಗ್ಗಿ ನೋಡಿ, ಪೆನ್ನು ತೆಗೆದು ತಿದ್ದಿದರು. ಏಳನೆಯ ಪ್ರಶ್ನೆ ಎರಡು ಸಲ ಬಂದಿತ್ತು ಎಂದು ಅವ್ವ ಆಮೇಲೆ ಹೇಳಿದಳು.

ಸೋಮವಾರ ಹೊಸ ಪತ್ರಿಕೆ ಜೋಡಿಸಿ ಅಚ್ಚಾಯಿತು. ಹಳೆಯ ಕಟ್ಟುಗಳನ್ನು ಅಪ್ಪ ಬಚ್ಚಲ ಒಲೆಗೆ ಹಾಕಿದ. ಬುಧವಾರದ ಪರೀಕ್ಷೆಯವರೆಗೆ ಅವ್ವ ನನ್ನ ಜೊತೆ ಮಾತಾಡಲಿಲ್ಲ. ಸಿಟ್ಟಿನಿಂದಲ್ಲ, ಎಲ್ಲಿ ಬಾಯಿ ತಪ್ಪಿ ಏನಾದರೂ ಹೊರಬರುತ್ತದೋ ಎಂಬ ಭಯಕ್ಕೆ. ಸಾರು ಬೇಕೇ ಎಂಬುದನ್ನೂ ಸೌಟು ಎತ್ತಿ ತೋರಿಸಿ ಕೇಳುತ್ತಿದ್ದಳು. ಲಲಿತ ಮತ್ತೆ ಕೆರೆಯ ವಿಷಯ ಕೇಳಲು ಬಂದಾಗ ಅವಳಿಗೂ ಕೈಸನ್ನೆಯಲ್ಲೇ ಹೋಗು ಎಂದಳು. ಅತ್ತೆಗೆ ಗಂಟಲು ಕಟ್ಟಿದೆಯೆಂದುಕೊಂಡು ಲಲಿತ ಸಂಜೆ ಮನೆಯಿಂದ ಮೆಣಸಿನ ಕಷಾಯ ತಂದುಕೊಟ್ಟಳು. ಅವ್ವ ಅದನ್ನು ಕುಡಿಯಲೇಬೇಕಾಯಿತು.

ಪರೀಕ್ಷೆಯಲ್ಲಿ ಕೆರೆ ಬರಲಿಲ್ಲ. ನಿಮ್ಮ ಮನೆಯ ಒಂದು ದಿನ ಎಂಬುದರ ಮೇಲೆ ಪ್ರಬಂಧ ಕೇಳಿದ್ದರು. ಲಲಿತ ತಿರುಗಿ ನನ್ನನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ. ಆಮೇಲೆ ತಲೆ ಬಗ್ಗಿಸಿ ಬರೆಯತೊಡಗಿದಳು. ಅವಳ ಮನೆಯಲ್ಲಿ ಎಂಟು ಜನ, ಮೂರು ಎಮ್ಮೆ, ಬರೆಯಲು ಬೇಕಾದಷ್ಟಿತ್ತು. ಅವಳು ಮೂವತ್ತೇಳು ತೆಗೆದು ಪಾಸಾದಳು, ಮುಂದೆ ಎಸ್ಸೆಸ್ಸೆಲ್ಸಿಯವರೆಗೂ ಓದಿದಳು. ಈಗ ಕಡೂರಿನಲ್ಲಿದ್ದಾಳೆ, ಮೊಮ್ಮಕ್ಕಳಾಗಿವೆ. ನಾನು ಹೋದಾಗಲೆಲ್ಲ ಬುಕ್ಕಾಂಬುಧಿ ಕೆರೆಯ ತೂಬು ಎಷ್ಟೆಂದು ಇವತ್ತಿಗೂ ತನಗೆ ಗೊತ್ತಿಲ್ಲವೆಂದು ನಗುತ್ತಾಳೆ. ಪ್ರಶ್ನೆಪತ್ರಿಕೆಯ ಕೆಲಸ ಮುಂದಿನ ಸಲದಿಂದ ತರೀಕೆರೆಗೆ ಹೋಯಿತು. ಹಾಲಪ್ಪ ಮೇಷ್ಟ್ರು ತಾವೇ ಬಂದು ಅಪ್ಪನಿಗೆ ಹೇಳಿ, ಕಾಫಿ ಕುಡಿದು ಹೋದರು. ಅಪ್ಪ ಒಂದು ವಾರ ಸಪ್ಪಗಿದ್ದ. ಆಮೇಲೆ ಮದುವೆಗಳ ಕಾಲ ಬಂತು, ಶ್ರೀಗಳ ಜಗಳದಲ್ಲಿ ಎಲ್ಲವೂ ಮರೆತುಹೋಯಿತು. ಅಜ್ಜಿ ಮಾತ್ರ ದಿನಾ ಬೆಳಿಗ್ಗೆ ಪೂಜೆಯಾದ ಕೂಡಲೆ ಅವ್ವನನ್ನು ಕೂರಿಸಿ ತಿಥಿ, ನಕ್ಷತ್ರ, ರಾಹುಕಾಲ ಓದಿಸುವ ಹೊಸ ರೂಢಿ ಮಾಡಿಕೊಂಡಳು. ರೋಲರು ಅಂಟುತ್ತಿದೆಯೆಂದು ಅಪ್ಪ ಕೂಗಿಕೊಂಡರೂ ಬಿಡುತ್ತಿರಲಿಲ್ಲ.

ನನ್ನ ಕನ್ನಡ ಉತ್ತರಪತ್ರಿಕೆಯನ್ನು ಮೇಷ್ಟ್ರೇ ತಿದ್ದಿದರು. ಪ್ರಬಂಧ ಚೆನ್ನಾಗಿದೆ ಎಂದು ಪಕ್ಕದಲ್ಲಿ ಬರೆದು, ಮೇಲೆ ಸೊನ್ನೆ ಹಾಕಿದ್ದರು. ಪ್ರೋಗ್ರೆಸ್ ಕಾರ್ಡಿನಲ್ಲೂ ಉಳಿದ ವಿಷಯಗಳ ಅಂಕಗಳ ನಡುವೆ ಕನ್ನಡದ ಎದುರಿಗೆ ಕೆಂಪು ಶಾಯಿಯ ಸೊನ್ನೆ. ಅದನ್ನು ಮನೆಗೆ ತಂದು, ರೂಢಿಯಂತೆ ಅಪ್ಪನ ಮುಂದೆ ಹಿಡಿದೆ. ಅಪ್ಪ ಪೆನ್ನು ಹುಡುಕುತ್ತಿದ್ದ. ಅವ್ವ ಕೈ ಒರೆಸಿಕೊಂಡು ಬಂದು, ಅದನ್ನು ಇಲ್ಲಿ ಕೊಡು, ಇದಕ್ಕೆ ನಾನು ಹಾಕುತ್ತೇನೆ ಎಂದಳು. ಅವಳಿಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಅಕ್ಷರದ ಮುಖ ಗೊತ್ತು, ಅದನ್ನು ಎಲ್ಲಿಂದ ಶುರು ಮಾಡಿ ಎಲ್ಲಿ ಮುಗಿಸಬೇಕೆಂದು ಗೊತ್ತಿಲ್ಲ. ಮೊಳೆ ಕೋಣೆಗೆ ಹೋಗಿ ತನ್ನ ಹೆಸರನ್ನು ಜೋಡಿಸಿದಳು. ಇಷ್ಟು ವರ್ಷದಲ್ಲಿ ಊರಿನವರೆಲ್ಲರ ಹೆಸರನ್ನು ಜೋಡಿಸಿದ್ದವಳು ತನ್ನದನ್ನು ಎಂದೂ ಜೋಡಿಸಿರಲಿಲ್ಲವಂತೆ. ಬೆರಳಿನಲ್ಲಿ ಶಾಯಿ ಸವರಿ, ಹಾಳೆಯೊಂದರ ಮೇಲೆ ಒತ್ತಿ, ಆ ಅಚ್ಚನ್ನು ನೋಡಿಕೊಂಡು ಪೆನ್ಸಿಲ್ಲಿನಲ್ಲಿ ಕೆಳಗೆ ಬರೆಯಲು ಕೂತಳು. ಗೌ ಬರಲು ಬಹಳ ಹೊತ್ತು ಹಿಡಿಯಿತು. ಮ ಕೆಳಗಿನ ಒತ್ತು ಸಾಲಿನಿಂದ ಜಾರಿ ಜಾರಿ ಹೋಗುತ್ತಿತ್ತು. ಹಾಳೆಯ ಎರಡೂ ಬದಿ ತುಂಬಿತು. ಅಪ್ಪ ಮಷಿನ್ನು ನಿಲ್ಲಿಸಿ ಬಂದು ಬಾಗಿಲಿಗೆ ಒರಗಿ ನೋಡುತ್ತಿದ್ದ. ಕೊನೆಗೆ ಪೆನ್ನು ತೆಗೆದುಕೊಂಡು, ಉಸಿರು ಹಿಡಿದು, ಕಾರ್ಡಿನಲ್ಲಿ ಪೋಷಕರ ಸಹಿ ಎಂದಿದ್ದಲ್ಲಿ ಬರೆದಳು.

ಮಾರನೆಯ ದಿನ ಕಾರ್ಡುಗಳನ್ನು ಒಟ್ಟುಮಾಡುವಾಗ ಹಾಲಪ್ಪ ಮೇಷ್ಟ್ರು ನನ್ನದನ್ನು ತಿರುಗಿಸಿ ನೋಡಿದರು. ಇದು ಯಾರ ಸಹಿ ಎಂದು ಕೇಳಿದರು. ನಮ್ಮವ್ವಂದು ಸಾರ್ ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರವನ್ನು ಮನಸ್ಸಿನಲ್ಲಿ ಓದುವವರಂತೆ ಅದನ್ನು ನೋಡಿದರು. ಆಮೇಲೆ ಕಾರ್ಡನ್ನು ಉಳಿದವುಗಳ ಮೇಲೆ ನಿಧಾನವಾಗಿ ಇಟ್ಟರು.

"ಮುಂದಿನ ಸಲಾನೂ ಅವರ ಕೈಲೇ ಹಾಕಿಸ್ಕಂಡು ಬಾ," ಎಂದರು.